ಪೆನ್ಸಿಲಿನ ತಾರೀಖು

"ಒಂದು ನಿಮಿಷ, ಕೈ ತೊಳ್ಕೊಂಡು ಬರ್ತೀನಿ," ಎಂದು ಮಗುವಿನ ತಾಯಿ ಒಳಗೆ ಹೋದಳು.

ಲಸಿಕೆ ಕಾರ್ಡು ಮುಟ್ಟುವುದಕ್ಕೆ ಕೈ ತೊಳೆಯುವವರನ್ನು ನರ್ಸಮ್ಮ ತನ್ನ ಇಪ್ಪತ್ತೊಂಬತ್ತು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ. ಜನ ಅದರ ಬೆನ್ನಿಗೆ ಫೋನ್ ನಂಬರು ಗೀಚಿಕೊಂಡು ತರುತ್ತಿದ್ದರು. ನಾಲ್ಕು ಮಡಿಕೆ ಮಾಡಿ ಕುಂಟುವ ಮೇಜಿನ ಕಾಲಡಿಗೆ ಕೊಟ್ಟು ತರುತ್ತಿದ್ದರು. ಒಬ್ಬಳಂತೂ ಮಗು ಅಗಿದು ಬಿಟ್ಟಿದ್ದ ಮೂಲೆಯೊಂದನ್ನು ತಂದು, "ಮಿಕ್ಕಿದ್ದು ಇಷ್ಟೇ ನರ್ಸಮ್ಮ," ಎಂದು ನಕ್ಕಿದ್ದಳು.

ಎರಡನೆಯ ಮಹಡಿಯಲ್ಲಿ ಒಂದೂವರೆ ಕೋಣೆಯ ಮನೆ. ಅರ್ಧ ಕೋಣೆಗೆ ಹಳೆಯ ಹೊದಿಕೆಯೊಂದನ್ನು ಪರದೆಯಾಗಿ ಕಟ್ಟಿದ್ದರು. ಅದರಾಚೆ ಮಗುವಿನ ಅಪ್ಪ ಮಲಗಿದ್ದ. ಬೇಕರಿಯಲ್ಲಿ ಹಿಟ್ಟು ನಾದುವವನು, ಬೆಳಗಿನ ಪಾಳಿ ಮುಗಿಸಿ ಬಂದಿದ್ದ. ನಿದ್ದೆ ಬಂದಿರಲಿಲ್ಲ. ಪರದೆಯ ಕೆಳಗೆ ಕಾಣುತ್ತಿದ್ದ ಅವನ ಹಿಮ್ಮಡಿ ಹೊರಗಿನ ಮಾತು ಮಾತಿಗೂ ಅಲುಗುತ್ತಿತ್ತು.

ಬಾಗಿಲ ಬಳಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದಳು. "ಕೂತ್ಕೊಳ್ಳಿ ನರ್ಸಮ್ಮ. ನೀವೇ ಮೆಟ್ಟಲು ಹತ್ತಿ ಮನೆವರೆಗೂ ಬಂದ್ರಿ. ನಮ್ಮನೆ ಮಹಾರಾಣಿಗೆ ನಿಮ್ಮ ಹತ್ರ ಬರೋಕೆ ಪುರುಸೊತ್ತಿರಲಿಲ್ಲ."

"ಹೋಗಿದ್ದೆ ಅತ್ತೆ," ಎಂದು ಒಳಗಿನಿಂದ ಧ್ವನಿ ಬಂತು. ಜಗಳದ ಧ್ವನಿಯಲ್ಲ, ಹೇಳಿ ಹೇಳಿ ಸವೆದುಹೋದ ಮಾತನ್ನು ಮತ್ತೊಮ್ಮೆ ಹೇಳುವ ಧ್ವನಿ. "ಎರಡು ಬುಧವಾರ ಹೋಗಿದ್ದೆ."

"ಹೋಗಿದ್ಲಂತೆ. ಕ್ಷೌರದಂಗಡಿಗೆ ಹೋದವನು ತಲೆ ತುಂಬ ಕೂದಲಿಟ್ಕೊಂಡು ವಾಪಸ್ ಬರ್ತಾನಾ ನರ್ಸಮ್ಮ? ಸೂಜಿ ಹಾಕೋ ಕಡೆ ಹೋದ್ರೆ ಸೂಜಿ ಹಾಕೇ ಕಳಿಸ್ತಾರೆ. ನಾನೂ ನಾಲ್ಕು ಹೆತ್ತಿದ್ದೀನಿ. ನನ್ನ ಕಿವಿ ಮೇಲೆ ಹೂವಿಡೋಕೆ ಬರ್ತಾಳೆ."

ತಾಯಿ ತಗಡಿನ ಪೆಟ್ಟಿಗೆಯಿಂದ ಕಾರ್ಡು ತೆಗೆದುಕೊಂಡು ಬಂದಳು. ಅದು ಹೊಸ ಅಂಗಿ ಹಾಕಿ ಕೊಡುವಂಥ ಪ್ಲಾಸ್ಟಿಕ್ ಲಕೋಟೆಯೊಳಗಿತ್ತು. ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ ಗುಂಡಿ ಹೊಲಿಯುವುದು ಅವಳ ಕೆಲಸ. ಲಕೋಟೆ ಅಲ್ಲಿಂದ ಬಂದದ್ದಿರಬೇಕು. ನೆಲದ ಮೇಲೆ ಕೂತು, ಮಂಡಿಯ ಮೇಲೆ ಕಾರ್ಡು ಬಿಡಿಸಿ, ಒಂದು ಜಾಗದಲ್ಲಿ ಬೆರಳಿಟ್ಟಳು.

"ಇಲ್ನೋಡಿ. ಇದು ನಿಮ್ಮ ಕೈಬರಹ ಅಲ್ವಾ? ಅತ್ತೆ ನಾನೇ ಬರ್ಕೊಂಡಿದ್ದೀನಿ ಅಂತಾರೆ. ಇವರು..." ಎಂದು ಪರದೆಯತ್ತ ನೋಡಿದಳು. "ಪುಟ್ಟಿ ತೀರಿಹೋದಾಗಿನಿಂದ ಇವರು ನನ್ನ ಹತ್ರ ಮಾತಾಡಿಲ್ಲ. ಮೂರು ವಾರ ಆಯ್ತು. ನೀವೊಂದು ಮಾತು ಹೇಳ್ಬಿಡಿ ನರ್ಸಮ್ಮ. ನಾನು ಬಂದಿದ್ದೆ ಅಂತ. ಅಷ್ಟೇ ಸಾಕು ನನಗೆ."

ದಡಾರದ ಲಸಿಕೆಯ ಚೌಕ ಖಾಲಿಯಿತ್ತು. ಅದರ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎರಡು ತಾರೀಖು. ಮೊದಲನೆಯದರ ಮೇಲೆ ಒಂದು ಗೆರೆ ಎಳೆದು ಅದರ ಕೆಳಗೆ ಎರಡನೆಯದನ್ನು ಬರೆದಿತ್ತು. ಏಳರ ನಡುವೆ ಸಣ್ಣ ಅಡ್ಡಗೆರೆ. ಏಳಕ್ಕೆ ಅಡ್ಡಗೆರೆ ಎಳೆಯುವುದನ್ನು ನರ್ಸಮ್ಮ ತರಬೇತಿಯ ಕಾಲದಲ್ಲಿ ಕಲಿತಿದ್ದಳು, ಒಂದಕ್ಕೂ ಏಳಕ್ಕೂ ಗೊಂದಲವಾಗಬಾರದೆಂದು. ಅವಳ ಆಸ್ಪತ್ರೆಯಲ್ಲಿ ಹಾಗೆ ಬರೆಯುವವರು ಬೇರೆ ಯಾರೂ ಇರಲಿಲ್ಲ.

ಪರದೆಯ ಕೆಳಗಿನ ಹಿಮ್ಮಡಿ ಅಲುಗುವುದನ್ನು ನಿಲ್ಲಿಸಿತು. ಅತ್ತೆಯ ಕೈಯಲ್ಲಿದ್ದ ಬೆಳ್ಳುಳ್ಳಿ ಎಸಳು ಕೈಯಲ್ಲೇ ಉಳಿಯಿತು.

"ಇದನ್ನ ಆಫೀಸಿಗೆ ತಗೊಂಡು ಹೋಗಿ ರಿಜಿಸ್ಟರ್ ಪಕ್ಕ ಇಟ್ಟು ನೋಡ್ಬೇಕಮ್ಮ," ಎಂದಳು ನರ್ಸಮ್ಮ. "ಬುಧವಾರ ಅಂದ್ರೆ ನೂರು ಜನ ಬರ್ತಾರೆ. ನಿಂತ ಕಾಲಲ್ಲಿ ಹೀಗೇ ಅಂತ ಹೇಳೋಕಾಗಲ್ಲ."

ಆ ಮಾತು ತನ್ನ ಬಾಯಿಂದಲೇ ಬಂತೆಂದು ಅವಳಿಗೆ ತಕ್ಷಣ ನಂಬಲಾಗಲಿಲ್ಲ. ಅತ್ತೆ ಮೂಗಿನಲ್ಲೇ ನಕ್ಕು ಎಸಳು ಸುಲಿದಳು. ತಾಯಿಯ ಮುಖ ಮಾತ್ರ ಬಾಡಲಿಲ್ಲ.

"ಹೌದು ಹೌದು, ನೋಡೇ ಹೇಳಿ. ಆಫೀಸಿಂದ ಬಂದ್ರೆ ಇನ್ನೂ ಗಟ್ಟಿ. ಆಗ ಯಾರೂ ಇಲ್ಲ ಅನ್ನೋ ಹಾಗಿರಲ್ಲ ಅಲ್ವಾ?" ಎಂದು ಕಾರ್ಡನ್ನು ಮತ್ತೆ ಲಕೋಟೆಗೆ ಸೇರಿಸಿ, ಅದರ ಬಾಯಿ ಮಡಚಿ, ಎರಡೂ ಕೈಯಲ್ಲಿ ಕೊಟ್ಟಳು.

ದಡಾರದ ಲಸಿಕೆ ಪುಡಿಯಾಗಿ ಬರುತ್ತದೆ. ಹೆಬ್ಬೆರಳಷ್ಟು ದೊಡ್ಡ ಸೀಸೆ, ಅದರಲ್ಲಿ ಹತ್ತು ಮಕ್ಕಳಿಗಾಗುವಷ್ಟು ಪುಡಿ. ನೀರು ಬೆರೆಸಿದ ಮೇಲೆ ಅದಕ್ಕೆ ನಾಲ್ಕು ಗಂಟೆಯ ಆಯುಸ್ಸು, ಆಮೇಲೆ ಚೆಲ್ಲಬೇಕು. ಒಂದು ಮಗುವಿಗೆಂದು ತೆರೆದರೆ ಒಂಬತ್ತು ಮಕ್ಕಳ ಪಾಲು ಮೋರಿಗೆ. ಮೂರು ವರ್ಷದ ಹಿಂದೆ ಮೇಲಿನ ಆಫೀಸಿನ ಸಭೆಯಲ್ಲಿ ಇದೇ ಮಾತು ಬಂದು, ಆಸ್ಪತ್ರೆಯ ಡಾಕ್ಟರನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ ಲೆಕ್ಕ ಕೇಳಿದ್ದರಂತೆ. ಅಲ್ಲಿಂದ ಬಂದವರೇ ಅವರು ನರ್ಸಮ್ಮನನ್ನು ಕರೆದು, "ಐದು ಮಕ್ಕಳು ಸೇರೋವರೆಗೆ ಸೀಸೆ ಮುಟ್ಟಬೇಡಿ ಸಿಸ್ಟರ್. ಕಮ್ಮಿ ಬಂದ್ರೆ ಮುಂದಿನ ಬುಧವಾರ ಬನ್ನಿ ಅನ್ನಿ," ಎಂದಿದ್ದರು.

ನರ್ಸಮ್ಮನಿಗೆ ಅದು ತಪ್ಪೆನಿಸಿರಲಿಲ್ಲ. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಒತ್ತಿ ಅಂಟಿಸುವ ಹೆಂಗಸು ಅವಳು. ಬೆರೆಸಿದ ಲಸಿಕೆಯನ್ನು ಚೆಲ್ಲುವಾಗ ಪ್ರತಿ ಸಲವೂ ಹಾಲು ಚೆಲ್ಲಿದಂತೆ ಅವಳ ಹೊಟ್ಟೆ ಉರಿಯುತ್ತಿತ್ತು. ಮುಂದಿನ ವರ್ಷ ಅತಿ ಕಡಿಮೆ ಪೋಲು ಮಾಡಿದ ಆಸ್ಪತ್ರೆಯೆಂದು ಹಿತ್ತಾಳೆಯ ಫಲಕ ಸಿಕ್ಕಿತು. ಡಾಕ್ಟರು ಅವಳನ್ನೇ ವೇದಿಕೆಗೆ ಕಳಿಸಿದರು. ಮಕ್ಕಳ ತೂಕದ ಯಂತ್ರದ ಮೇಲಿನ ಗೋಡೆಗೆ ಫಲಕ ತೂಗುಹಾಕಿದರು. ಆಸ್ಪತ್ರೆಯ ಕಸ ನೆಲ ನೋಡುವ ಆಯಮ್ಮ ವಾರಕ್ಕೊಮ್ಮೆ ಅದನ್ನು ಉಜ್ಜುತ್ತಿದ್ದಳು.

ಆ ತಾಯಿ ಮೊದಲ ಸಲ ಬಂದ ದಿನ ಇದ್ದದ್ದು ಮೂರೇ ಮಕ್ಕಳು. ಸೊಂಟದ ಮೇಲಿದ್ದ ಪುಟ್ಟಿ ನರ್ಸಮ್ಮನ ಜೇಬಿನ ಪೆನ್ನಿಗೆ ಕೈ ಹಾಕಿತ್ತು. ಪೆನ್ನು ಬಿಡಿಸಿಕೊಂಡು ಪೆನ್ಸಿಲಿನಲ್ಲಿ ಮುಂದಿನ ತಾರೀಖು ಬರೆದು ಕಳಿಸಿದ್ದಾಯಿತು. ಎರಡನೆಯ ಬುಧವಾರ ನಾಲ್ಕು. ಅರ್ಧ ದಿನದ ರಜೆ ಕೇಳಿಕೊಂಡು ಬಂದಿದ್ದವಳು ಬೆಂಚಿನಲ್ಲಿ ಕೂರಲಿಲ್ಲ. ಗೇಟಿನ ಬಳಿ ನಿಂತು, ಬಸ್ಸಿಗೆ ಕಾದವರಂತೆ ರಸ್ತೆಯ ಎರಡೂ ಕಡೆ ನೋಡುತ್ತಿದ್ದಳು. ಮಗುವನ್ನೆತ್ತಿಕೊಂಡು ಹೋಗುತ್ತಿದ್ದ ಹೆಂಗಸರನ್ನೆಲ್ಲ ತಡೆದು, "ನಿಮ್ಮ ಪಾಪಂಗೆ ಒಂಬತ್ತು ತಿಂಗಳಾಯ್ತಾ? ದಡಾರದ ಸೂಜಿ ಆಗಿದ್ಯಾ?" ಎಂದು ಕೇಳುತ್ತಿದ್ದಳು. ಒಬ್ಬಳು ಹೆದರಿ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ರಸ್ತೆ ದಾಟಿಬಿಟ್ಟಳು. ಆಯಮ್ಮ ಕಿಟಕಿಯಿಂದ ನೋಡಿ, "ಮಕ್ಕಳು ಹಿಡಿಯೋಳು ಅಂತ ಯಾರಾದ್ರೂ ಬಾರಿಸಿಯಾರು ಪಾಪ," ಎಂದಿದ್ದಳು. ಇಬ್ಬರೂ ನಕ್ಕಿದ್ದರು.

ಹನ್ನೆರಡಕ್ಕೆ ನರ್ಸಮ್ಮ ನಾಲ್ವರನ್ನೂ ಕಳಿಸಿದಳು. ಹನ್ನೆರಡೂಕಾಲಿಗೆ ಐದನೆಯ ಮಗು ಬಂತು. ಆಗ ಅದು ಒಂದೇ ಮಗು. ಅದಕ್ಕೂ ಒಂದು ತಾರೀಖು ಬರೆದುಕೊಟ್ಟಳು.

ಮೂರನೆಯ ಬುಧವಾರ ಫ್ಯಾಕ್ಟರಿಯಲ್ಲಿ ಸರಕು ಹೋಗುವ ಅವಸರ. ಯಾರನ್ನೂ ಗೇಟು ದಾಟಲು ಬಿಡಲಿಲ್ಲವಂತೆ. ಶನಿವಾರದ ಹೊತ್ತಿಗೆ ಮಗುವಿನ ಕಣ್ಣು ಕೆಂಪಾಗಿತ್ತು. ಕಿವಿಯ ಹಿಂದಿನಿಂದ ಗುಳ್ಳೆ ಇಳಿದು ಮೈತುಂಬ ಹರಡಿತು. ಹತ್ತನೆಯ ದಿನ ಎದೆಯಲ್ಲಿ ಕಫ ಕಟ್ಟಿ ಉಸಿರು ನಿಂತಿತು.

ಡಾಕ್ಟರು ಕಾರ್ಡನ್ನು ಲಕೋಟೆಯಿಂದ ತೆಗೆಯಲಿಲ್ಲ. ಪ್ಲಾಸ್ಟಿಕ್ಕಿನ ಮೇಲಿನಿಂದಲೇ ನೋಡಿ ಮೇಜಿನ ಅಂಚಿಗೆ ಸರಿಸಿದರು. ಒಳ್ಳೆಯ ಮನುಷ್ಯ, ಯಾರನ್ನೂ ಏರುದನಿಯಲ್ಲಿ ಬೈದವರಲ್ಲ. ಬೇಸರವಾದಾಗ ಕನ್ನಡಕದ ಗಾಜು ಒರೆಸುತ್ತಿದ್ದರು. ಈಗಲೂ ಒರೆಸುತ್ತಿದ್ದರು.

"ನಾಡಿದ್ದು ಮೇಲಿನವರು ಬರ್ತಾರೆ. ದಡಾರದ ಸಾವು ಅಂದ್ರೆ ಈಗ ಅವರಿಗೆ ತಲೆ ಮೇಲೆ ಆಕಾಶ ಬಿದ್ದ ಹಾಗೆ. ಈ ಫಾರಂ ತುಂಬಿಸಿಡಬೇಕು." ಒಂದು ಹಾಳೆ ಮುಂದಿಟ್ಟರು. "ಲಸಿಕೆ ಆಗದೇ ಇದ್ದದ್ದಕ್ಕೆ ಕಾರಣ. ನಾಲ್ಕೇ ಕೊಟ್ಟಿದ್ದಾರೆ. ಊರಲ್ಲಿ ಇರಲಿಲ್ಲ. ಮಗುವಿಗೆ ಹುಷಾರಿರಲಿಲ್ಲ. ಮನೆಯವರು ಬೇಡ ಅಂದ್ರು. ತಾಯಿಯ ನಿರ್ಲಕ್ಷ್ಯ. ಯಾವುದಾದರೂ ಒಂದಕ್ಕೆ ಗುರುತು ಹಾಕಿ."

ನರ್ಸಮ್ಮ ಹಾಳೆಯನ್ನು ಎರಡು ಸಲ ಓದಿದಳು. "ಬಂದಿದ್ರು, ವಾಪಸ್ ಕಳಿಸಿದ್ವಿ ಅನ್ನೋದಿಲ್ವಲ್ಲ ಸರ್."

"ಹೇಗಿರುತ್ತೆ? ವಾಪಸ್ ಕಳಿಸಬಾರದು ಅಂತಲೇ ಅಲ್ವಾ ನಿಯಮ." ಅವರು ಕಪಾಟಿನಿಂದ ಒಂದು ಕಡತ ತೆಗೆದು, ಮೊದಲೇ ಗುರುತಿಟ್ಟಿದ್ದ ಪುಟ ತಿರುಗಿಸಿದರು. ಸುತ್ತೋಲೆಯೊಂದು. ಒಂದೇ ಮಗು ಬಂದರೂ ಸೀಸೆ ತೆರೆಯತಕ್ಕದ್ದು, ಯಾವ ಮಗುವನ್ನೂ ಹಿಂದಕ್ಕೆ ಕಳಿಸತಕ್ಕದ್ದಲ್ಲ. ಕೆಳಗೆ 'ಓದಿದ್ದೇನೆ' ಎಂಬ ಸಾಲಿನ ಪಕ್ಕ ನರ್ಸಮ್ಮನ ಸಹಿ ಇತ್ತು. ತಿಂಗಳ ಕೊನೆಯಲ್ಲಿ ಗುಮಾಸ್ತ ಹತ್ತಿಪ್ಪತ್ತು ಹಾಳೆ ಒಟ್ಟಿಗೆ ತಂದು, "ಇಲ್ಲೊಂದು, ಇಲ್ಲೊಂದು," ಎಂದು ಬೆರಳು ತೋರಿಸುತ್ತಿದ್ದ. ಒಂದು ಕೈಯಲ್ಲಿ ಅಳುವ ಮಗುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಸಹಿ ಹಾಕಿದ ದಿನಗಳೂ ಇದ್ದವು.

"ನೀವೇ ಹೇಳಿದ್ರಲ್ಲ ಸರ್. ಐದು ಜನ ಸೇರೋವರೆಗೆ ಮುಟ್ಟಬೇಡಿ ಅಂತ."

"ಹೇಳಿದ್ದೆ. ಇಲ್ಲ ಅನ್ನಲ್ಲ." ಡಾಕ್ಟರು ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. "ಎಲ್ಲಾದರೂ ಬರೆದಿದ್ದೀನಾ ಸಿಸ್ಟರ್?"

ಫ್ಯಾನಿನ ಗಾಳಿಗೆ ಕಡತದ ಹಾಳೆಗಳು ತಾವಾಗಿಯೇ ಮಗುಚುತ್ತಿದ್ದವು.

"ನಿಮಗಿನ್ನೂ ಒಂದೂವರೆ ವರ್ಷ ಸರ್ವಿಸ್ ಇದೆ. ಮಗಳು, ಮೊಮ್ಮಗು ಎಲ್ಲ ಕ್ವಾರ್ಟರ್ಸಲ್ಲೇ ಇದ್ದಾರಲ್ವಾ? ಈಗ ಹೋದ ಮಗು ವಾಪಸ್ ಬರಲ್ಲ. ಕಾರಣ ಏನು ಬರೆದ್ರೂ ಬರಲ್ಲ. ಆ ತಾಯಿಗೇನು ಶಿಕ್ಷೆ ಆಗುತ್ತಾ? ಇಲ್ಲ. ಅದೊಂದು ಅಂಕಿ ಅಷ್ಟೆ." ಕಾರ್ಡನ್ನು ಬೆರಳ ತುದಿಯಲ್ಲಿ ಇನ್ನಷ್ಟು ದೂರ ತಳ್ಳಿದರು. "ಪೆನ್ಸಿಲ್ ಬರಹ ದಾಖಲೆ ಅನ್ನಿಸ್ಕೊಳ್ಳಲ್ಲ. ನೆನಪಿಗೆ ಬರ್ಕೊಳ್ಳೋದು. ಅವರು ಬರೋ ಹೊತ್ತಿಗೆ ಕಾರ್ಡು ನೀಟಾಗಿರ್ಲಿ."

ಅಳಿಸಿ ಎಂದು ಅವರು ಹೇಳಲಿಲ್ಲ. ಆಮೇಲೆ ಎಷ್ಟು ನೆನಪು ಮಾಡಿಕೊಂಡರೂ ಆ ಶಬ್ದ ಅವರ ಬಾಯಿಂದ ಬಂದದ್ದು ನರ್ಸಮ್ಮನಿಗೆ ನೆನಪಾಗಲಿಲ್ಲ.

ಗಂಡನ ಮನೆ ಬಿಟ್ಟು ಬಂದ ಮಗಳು ಆ ಸಂಜೆ ಕ್ವಾರ್ಟರ್ಸಿನ ಹಿಂದಿನ ಮೆಟ್ಟಲಲ್ಲಿ ಕೂತು ಕೂಸಿನ ಉಗುರು ಕತ್ತರಿಸುತ್ತಿದ್ದಳು. "ಯಾಕಮ್ಮ ಒಂದು ಥರ ಇದ್ದೀಯ?" ಎಂದಳು. ನರ್ಸಮ್ಮ ತಲೆನೋವೆಂದಳು. ಎರಡು ವರ್ಷದ ಕೂಸು ಎದ್ದು ಬಂದು, ಅವಳ ಹಣೆಯ ಮೇಲೆ ಕೈಯಿಟ್ಟು, ದೊಡ್ಡವರಂತೆ "ಜ್ವರ ಇಲ್ಲ," ಎಂದಿತು. ಕೂಸಿನ ಸೂಜಿಗಳನ್ನೆಲ್ಲ ಅಜ್ಜಿಯೇ ಹಾಕಿದ್ದಳು, ಒಂದೂ ತಪ್ಪದಂತೆ. ದಡಾರದ ದಿನ ಮಕ್ಕಳು ಐದಾಗಿದ್ದವೋ ಇಲ್ಲವೋ ಎಂದು ಈಗ ನೆನಪು ಮಾಡಿಕೊಳ್ಳಲು ಅವಳಿಗೆ ಭಯವಾಯಿತು.

ಮರುದಿನ ಮಧ್ಯಾಹ್ನ ರೋಗಿಗಳು ಖಾಲಿಯಾದ ಮೇಲೆ ಲಸಿಕೆಯ ಕೋಣೆಯ ಬಾಗಿಲು ಮುಂದೆ ಮಾಡಿ ಕೂತಳು. ಮಕ್ಕಳ ಬೆಳವಣಿಗೆಯ ನಕ್ಷೆ ಬರೆಯುವುದಕ್ಕೆಂದು ಇಟ್ಟಿದ್ದ ರಬ್ಬರು ಗಟ್ಟಿಯಾಗಿತ್ತು. ಎರಡು ತಾರೀಖು ಹೋಗಲು ಅಷ್ಟು ಹೊತ್ತು ಬೇಕಾಗುತ್ತದೆಂದು ಅವಳು ಎಣಿಸಿರಲಿಲ್ಲ. ಅವಳದು ಒತ್ತಿ ಬರೆಯುವ ಕೈ. ಕಪ್ಪು ಹೋದರೂ ಗೀರು ಉಳಿಯಿತು. ಕಾರ್ಡನ್ನು ಬೆಳಕಿಗೆ ಓರೆ ಮಾಡಿದರೆ ಏಳರ ಅಡ್ಡಗೆರೆ ಕಾಣುತ್ತಿತ್ತು. ಉಗುರಿನ ಬೆನ್ನಿನಿಂದ ತೀಡಿ, ಚೂರುಗಳನ್ನು ಊದಿ, ಇನ್ನೊಮ್ಮೆ ತೀಡಿದಳು. ಆಮೇಲೆ ಫಾರಂ ತೆಗೆದುಕೊಂಡು ನಾಲ್ಕನೆಯ ಚೌಕದಲ್ಲಿ ಗುರುತು ಹಾಕಿದಳು.

ಬಾಗಿಲು ತಳ್ಳಿಕೊಂಡು ಆಯಮ್ಮ ಬಕೆಟ್ಟಿನೊಂದಿಗೆ ಒಳಗೆ ಬಂದಳು. ಮುಖದ ತುಂಬ ಸಿಡುಬಿನ ಕುಳಿಗಳಿದ್ದ ಮುದುಕಿ. ಹೊಸ ತಾಯಂದಿರು ಅವಳನ್ನು ಕಂಡು ಕಣ್ಣು ಬೇರೆಡೆಗೆ ತಿರುಗಿಸಿದರೆ, "ನೋಡಿ ನೋಡಿ, ಸಂಕೋಚ ಪಡಬೇಡಿ. ನಾನೇ ಈ ಆಸ್ಪತ್ರೆ ಬೋರ್ಡು," ಎನ್ನುತ್ತಿದ್ದಳು. ಈಗ ಮೇಜಿನ ಮೇಲಿನ ರಬ್ಬರಿನ ಚೂರುಗಳನ್ನೂ ಕಾರ್ಡನ್ನೂ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಎರಡೂ ಬುಧವಾರ ಅವಳು ಅಲ್ಲೇ ಇದ್ದಳು.

ಬಕೆಟ್ಟು ಕೆಳಗಿಟ್ಟು, ಬಟ್ಟೆ ಹಿಂಡುತ್ತ, ನೆಲದೊಂದಿಗೆ ಮಾತಾಡುವವಳಂತೆ ಶುರು ಮಾಡಿದಳು.

"ನಾವು ಚಿಕ್ಕವರಿದ್ದಾಗ ಸಿಡುಬಿನ ಸೂಜಿಯವನು ಬಂದ ಅಂದ್ರೆ ಬೀದಿಗೆ ಬೀದಿನೇ ಬಾಗಿಲು ಹಾಕ್ಕೊಳ್ತಿತ್ತು. ನಮ್ಮಮ್ಮ ನನ್ನೂ ನನ್ನ ತಮ್ಮನ್ನೂ ನೀರಿನ ಹಂಡೆಯೊಳಗೆ ಕೂರಿಸಿ ಮೇಲೆ ತಟ್ಟೆ ಮುಚ್ಚಿದ್ಳು. ಅವನು ಮೂರು ಸಲ ಬಂದ. ಮೂರನೇ ಸಲ ಬಂದಾಗ ಅವನ ಗಂಟಲು ಕಟ್ಟಿತ್ತು. ಅಮ್ಮಾ, ಮಕ್ಕಳಿದ್ರೆ ಕೊಡಿ, ಕಾಲಿಗೆ ಬೀಳ್ತೀನಿ ಅಂದ. ಹಂಡೆಯೊಳಗೆ ಎಲ್ಲ ಕೇಳ್ತಿತ್ತು. ನನಗೆ ಮಕ್ಕಳೇ ಇಲ್ಲ ಅಂದ್ಳು ನಮ್ಮಮ್ಮ. ತಮ್ಮ ನಕ್ಕುಬಿಟ್ಟ, ನಾನು ಅವನ ಬಾಯಿ ಮುಚ್ಚಿದೆ."

"ಆಯಮ್ಮ, ಈಗ ಬೇಡ."

"ತಮ್ಮ ಹೋದ. ನಾನು ಹೀಗೆ ಉಳ್ಕೊಂಡೆ. ಅಮ್ಮ ಸಾಯೋವರೆಗೂ ನನ್ನ ತಲೆ ಬಾಚಿದ್ಳು, ಮದುವೆ ಆದ ಮೇಲೂ ಬಾಚಿದ್ಳು. ಹಿಂದೆ ಕೂತೇ ಬಾಚ್ತಿದ್ಳು. ಒಂದು ದಿನವೂ ಎದುರಿಗೆ ಕೂರಲಿಲ್ಲ." ಆಯಮ್ಮ ಮೇಜಿನ ಕಾಲುಗಳ ಸುತ್ತ ಒರೆಸಿದಳು. "ಅವಳು ಬಚ್ಚಿಟ್ಟಿದ್ಳು. ಅದಕ್ಕೆ ಅನುಭವಿಸಿದ್ಳು. ಈ ಹುಡುಗಿ ಗೇಟಲ್ಲಿ ನಿಂತು ಕಂಡವರ ಮಕ್ಕಳನ್ನ ಕರೀತಿದ್ಳು."

"ನಿಮಗೇನು ಗೊತ್ತಾಗುತ್ತೆ ಇದೆಲ್ಲ? ನೆಲ ಒರೆಸಿ ಮನೆಗೆ ಹೋಗೋರಿಗೆ?"

"ಹೂಂ ತಾಯಿ," ಎಂದಳು ಆಯಮ್ಮ. "ನಾನು ಒರೆಸೋದು ನೆಲ ಮಾತ್ರ."

ಮೇಲಿನ ಆಫೀಸಿನವರು ಮೂವರು ಬಂದರು, ಇಪ್ಪತ್ತು ನಿಮಿಷ ಇದ್ದರು. ಫಾರಂ ನೋಡಿದರು, ಕಾರ್ಡಿನ ನಕಲು ತೆಗೆಸಿಕೊಂಡರು. ಅವರಲ್ಲಿ ಹಿರಿಯರಾದವರು ಹಿತ್ತಾಳೆ ಫಲಕದ ಎದುರು ನಿಂತು, "ಇಷ್ಟು ಅಚ್ಚುಕಟ್ಟಾದ ಜಾಗದಲ್ಲಿ ಹೀಗಾಯ್ತಲ್ಲ. ಏನು ಮಾಡೋದು, ಜನ ಎಚ್ಚೆತ್ತುಕೊಳ್ಳಲ್ಲ," ಎಂದು ಡಾಕ್ಟರ ಬೆನ್ನು ತಟ್ಟಿದರು. ಭಾನುವಾರ ಆ ಬೀದಿಯಲ್ಲೇ ಶಿಬಿರ ಮಾಡಬೇಕು, ಐದು ವರ್ಷದೊಳಗಿನ ಪ್ರತಿ ಮಗುವಿಗೂ ಮತ್ತೊಮ್ಮೆ ಲಸಿಕೆ ಹಾಕಬೇಕು, ಎಷ್ಟು ಸೀಸೆ ಖರ್ಚಾದರೂ ಚಿಂತೆಯಿಲ್ಲ ಎಂದು ಹೇಳಿ ಹೋದರು.

ಭಾನುವಾರ ಆ ಮನೆಯ ಮೆಟ್ಟಲ ಬುಡದಲ್ಲೇ ಮೇಜು ಹಾಕಿದರು. ಬೀದಿಯ ಮೂಲೆಯಲ್ಲಿ ನಿಂತ ಜೀಪಿನ ಮೈಕು ಒಂದೇ ಸಮನೆ ಕೂಗುತ್ತಿತ್ತು. "ತಾಯಂದಿರೇ, ಕಳೆದ ತಿಂಗಳು ಇದೇ ಬೀದಿಯಲ್ಲಿ ಒಬ್ಬ ತಾಯಿಯ ನಿರ್ಲಕ್ಷ್ಯದಿಂದ ಒಂದು ಎಳೆಯ ಜೀವ ಹೋಯಿತು. ಆ ತಪ್ಪು ನೀವು ಮಾಡಬೇಡಿ." ಪ್ರತಿ ಸಲ ಆ ವಾಕ್ಯ ಬಂದಾಗ ಸಾಲಿನಲ್ಲಿದ್ದವರ ತಲೆಗಳು ಎರಡನೆಯ ಮಹಡಿಯ ಕಿಟಕಿಯತ್ತ ಏರಿ ಮತ್ತೆ ಇಳಿಯುತ್ತಿದ್ದವು. ಹತ್ತನೆಯ ಸಲಕ್ಕೆ ಮಕ್ಕಳೂ ತಲೆ ಎತ್ತಲು ಕಲಿತವು.

ನರ್ಸಮ್ಮ ಒಂದರ ಹಿಂದೊಂದು ಸೀಸೆ ತೆರೆದಳು. ಎಷ್ಟು ಮಕ್ಕಳು ಸೇರಿವೆಯೆಂದು ಯಾರೂ ಕೇಳಲಿಲ್ಲ. ಅವಳ ಕೈ ಹಗುರ, ಸೂಜಿ ಹೊಕ್ಕಿದ್ದು ತಿಳಿಯದೆ ಮಕ್ಕಳು ತಡವಾಗಿ ಅಳುತ್ತಿದ್ದವು. "ನಮ್ಮ ನರ್ಸಮ್ಮನ ಕೈ ಬೆಣ್ಣೆ," ಎಂದು ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಪಕ್ಕದವಳಿಗೆ ಹೇಳಿದ್ದು ಕೇಳಿಸಿತು.

ಹನ್ನೊಂದರ ಹೊತ್ತಿಗೆ ಸಾಲು ಕರಗಿತು. ಕಾರ್ಡನ್ನು ಮನೆಗೆ ಹಿಂದಿರುಗಿಸಬೇಕಿತ್ತು. ಆಯಮ್ಮನ ಕೈಯಲ್ಲಿ ಕಳಿಸಬಹುದಿತ್ತು. ನರ್ಸಮ್ಮ ತಾನೇ ಹತ್ತಿದಳು. ಹತ್ತುತ್ತ ಹತ್ತುತ್ತ, ಕಾಗದದ ಮಾತು ಕಾಗದಕ್ಕಿರಲಿ, ಮನೆಯವರ ಎದುರು ನಿಜ ಹೇಳಿಬಿಡುತ್ತೇನೆ, ಅವಳು ಕೇಳಿದ್ದೂ ಅಷ್ಟೇ ಅಲ್ಲವೆ ಎಂದುಕೊಂಡಳು. ಹಾಗೆಂದುಕೊಂಡ ಮೇಲೆ ಕಾಲು ಸ್ವಲ್ಪ ಹಗುರಾಯಿತು.

ಈ ಸಲ ಪರದೆ ಸರಿದಿತ್ತು. ಗಂಡ ಗೋಡೆಗೊರಗಿ ಕೂತಿದ್ದ. ಅತ್ತೆ ಕಿಟಕಿಯ ಪಕ್ಕ. ತಾಯಿ ಎದ್ದು ಬಂದು ಬಾಗಿಲಲ್ಲೇ ನಿಂತಳು.

"ಇವಳು ಬಂದಿದ್ಳು," ಎಂದಳು ನರ್ಸಮ್ಮ. ಕೂರಲಿಲ್ಲ. "ಎರಡು ಬುಧವಾರ ಮಗೂನ ಕರ್ಕೊಂಡು ಬಂದಿದ್ಳು. ಮಕ್ಕಳು ಕಮ್ಮಿ ಇದ್ರು ಅಂತ ನಾನೇ ವಾಪಸ್ ಕಳಿಸಿದೆ. ಇವಳದ್ದೇನೂ ತಪ್ಪಿಲ್ಲ."

ಕೆಳಗೆ ಮೈಕು ಅದೇ ವಾಕ್ಯವನ್ನು ಮೊದಲಿನಿಂದ ಶುರು ಮಾಡಿತು. ಅತ್ತೆ ಅದು ಮುಗಿಯುವವರೆಗೆ ಕಾದಳು.

"ನೀವು ದೊಡ್ಡ ಮನಸ್ಸಿನವರು ನರ್ಸಮ್ಮ," ಎಂದಳು ಆಮೇಲೆ. ಅವಳ ದನಿಯಲ್ಲಿ ಈಗ ವ್ಯಂಗ್ಯವಿರಲಿಲ್ಲ, ನಿಜವಾದ ಗೌರವವಿತ್ತು. "ಇವಳ ಮುಖ ನೋಡಿ ಕರುಳು ಚುರುಕ್ ಅಂದಿರುತ್ತೆ ನಿಮಗೆ. ನಮ್ಮ ಸಂಸಾರ ಸರಿಹೋಗ್ಲಿ ಅಂತ ಇವಳ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದೀರಿ. ಯಾರು ಮಾಡ್ತಾರೆ ಈ ಕಾಲದಲ್ಲಿ."

"ಇಲ್ಲಮ್ಮ, ನಿಜ ಹೇಳ್ತಿದ್ದೀನಿ."

ಗಂಡ ಕೈ ಚಾಚಿದ. ಲಕೋಟೆಯಿಂದ ಕಾರ್ಡು ತೆಗೆದು, ಸಾಲು ಸಾಲಾಗಿ ಬೆರಳಾಡಿಸಿ, ದಡಾರದ ಚೌಕದ ಬಳಿ ನಿಲ್ಲಿಸಿದ. ಅಂಚಿನತ್ತ ಸರಿಸಿದ. ತಲೆ ಎತ್ತಿ ಹೆಂಡತಿಯನ್ನು ನೋಡಿದ, ಮೂರು ವಾರದಲ್ಲಿ ಮೊದಲ ಸಲವಿರಬೇಕು.

"ಇಲ್ಲೇನೂ ಇಲ್ವಲ್ಲ," ಎಂದ.

ತಾಯಿ ಬಂದು ಅವನ ಕೈಯಿಂದ ಕಾರ್ಡು ತೆಗೆದುಕೊಂಡಳು. ಅವಳು ಕೈ ತೊಳೆದಿರಲಿಲ್ಲ. ಅಂಚಿನ ಮೇಲೆ ಹೆಬ್ಬೆರಳು ಒತ್ತಿ ನಿಧಾನ ಸವರಿದಳು. ದಿನವಿಡೀ ದಾರದ ಗಂಟು ಹುಡುಕುವ ಬೆರಳು ಅದು. ಒಂದು ಜಾಗದಲ್ಲಿ ನಿಂತಿತು, ಹಿಂದೆ ಸರಿಯಿತು, ಮತ್ತೆ ಅಲ್ಲಿಗೇ ಬಂತು.

"ಪೆನ್ಸಿಲಲ್ಲಿತ್ತು," ಎಂದಳು ನರ್ಸಮ್ಮ. "ಅಳಿಸಿಬಿಟ್ಟಿದ್ದಾರೆ."

"ಯಾರು?" ಎಂದ ಗಂಡ.

ಒಂದು ಮಾತು ಬಾಕಿಯಿತ್ತು. ಅದು ಬಾಯಿಯವರೆಗೂ ಬಂತು. ಕೂಸು ಹಣೆಯ ಮೇಲೆ ಇಟ್ಟಿದ್ದ ಅಂಗೈ ಯಾಕೋ ನೆನಪಾಯಿತು.

"ಆಫೀಸಲ್ಲಿ," ಎಂದಳು.

ಅತ್ತೆ ಮಗನತ್ತ ತಿರುಗಿ, ಬೇಡ ಬಿಡು ಎಂಬಂತೆ ಕಣ್ಣು ಮಾಡಿದಳು. "ಸಾಕು ನರ್ಸಮ್ಮ. ನಮಗೋಸ್ಕರ ನೀವು ಯಾಕೆ ಇಷ್ಟೊಂದು ಸುಳ್ಳು ಪೋಣಿಸ್ತೀರಿ? ಬಿಸಿಲಲ್ಲಿ ನಿಂತು ಬಂದಿದ್ದೀರಿ, ಒಂದು ಲೋಟ ನೀರು ಕುಡೀರಿ." ಸೊಸೆಯತ್ತ ನೋಡದೆ, "ನೀರು ಕೊಡು ಅವರಿಗೆ," ಎಂದಳು.

ತಾಯಿ ನೀರು ತಂದುಕೊಟ್ಟಳು. ಲೋಟ ತುಂಬಿತ್ತು, ಒಂದು ಹನಿಯೂ ತುಳುಕಲಿಲ್ಲ. ನರ್ಸಮ್ಮ ಕುಡಿದು ಮುಗಿಸುವವರೆಗೂ ಅವಳ ಎದುರಿಗೇ ನಿಂತು, ನೇರವಾಗಿ ಮುಖ ನೋಡುತ್ತಿದ್ದಳು. ಖಾಲಿ ಲೋಟ ತೆಗೆದುಕೊಂಡು, ಅದನ್ನು ತೊಳೆದು ಬೋರಲು ಹಾಕಿ, ನರ್ಸಮ್ಮನ ಹಿಂದೆಯೇ ಮೆಟ್ಟಲಿಳಿದು ಬಂದಳು.

ಕೆಳಗೆ ಪಕ್ಕದ ಬೀದಿಯವಳೊಬ್ಬಳು ಅವಳಿ ಮಕ್ಕಳೊಂದಿಗೆ ಆಗತಾನೆ ಬಂದು ನಿಂತಿದ್ದಳು. ಎರಡೂ ಮಕ್ಕಳು ಒಟ್ಟಿಗೆ ರಂಪ ಮಾಡುತ್ತಿದ್ದವು. ಪುಟ್ಟಿಯ ತಾಯಿ ಕೇಳದೆಯೇ ಒಂದನ್ನು ಎತ್ತಿಕೊಂಡು, ಬೆಂಚಿನ ಮೇಲೆ ಕೂತು, ಅದರ ಕಾಲುಗಳನ್ನು ತನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿ, ತೋಳನ್ನು ಹೇಗೆ ಹಿಡಿಯಬೇಕೋ ಹಾಗೆ ಹಿಡಿದಳು. ಮೇಜಿನ ಮೇಲಿನ ಸೀಸೆ ಬರಿದಾಗಿತ್ತು. ಪೆಟ್ಟಿಗೆಯೊಳಗೆ ತೆರೆಯದ ಒಂದು ಉಳಿದಿತ್ತು.

ಅವಳು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಬೇರೆ ಯಾರೂ ಬರುವಂತೆ ಕಾಣಲಿಲ್ಲ.

"ಇಬ್ಬರೇ ಇದ್ದಾರೆ ನರ್ಸಮ್ಮ," ಎಂದಳು. "ಸಾಕಾ?"

ಆಯಮ್ಮ ತಲೆ ತಗ್ಗಿಸಿ ಹತ್ತಿಯ ಉಂಡೆಗಳನ್ನು ಜೋಡಿಸತೊಡಗಿದಳು. ನರ್ಸಮ್ಮ ಪೆಟ್ಟಿಗೆಯಿಂದ ಸೀಸೆ ತೆಗೆದು, ನೀರು ಬೆರೆಸಿ, ಪುಡಿ ಕರಗುವವರೆಗೆ ಅಂಗೈಗಳ ನಡುವೆ ಹೊರಳಿಸಿದಳು. ಈ ಸಲ ಸೂಜಿ ಹೊಕ್ಕ ಕ್ಷಣಕ್ಕೇ ಮಗು ಕಿರುಚಿತು. ಇನ್ನೊಂದೂ ಕಿರುಚಿತು. ಪಕ್ಕದ ಬೀದಿಯವಳು ಒಂದನ್ನು ಸೊಂಟಕ್ಕೆ, ಒಂದನ್ನು ಹೆಗಲಿಗೆ ಹಾಕಿಕೊಂಡು, ಇಬ್ಬರನ್ನೂ ಒಟ್ಟಿಗೆ ಸಮಾಧಾನ ಮಾಡುತ್ತ ಬೇಗ ಬೇಗ ಹೊರಟಳು.

ಬೆಂಚಿನ ಕೆಳಗೆ ಅವಳಿಗಳಲ್ಲೊಂದರ ಒಂದು ಕಾಲಿನ ಬೂಟು ಬಿದ್ದಿತ್ತು. ಬಟ್ಟೆಯದು, ಹೆಬ್ಬೆರಳ ಕಡೆ ಸವೆದದ್ದು. ತಾಯಿ ಬಗ್ಗಿ ಅದನ್ನು ಎತ್ತಿಕೊಂಡಳು. ಧೂಳು ಕೊಡವಿದಳು. ಒಳಗೆ ಸೇರಿದ್ದ ಸಣ್ಣ ಕಲ್ಲೊಂದನ್ನು ಬೆರಳು ಹಾಕಿ ತೆಗೆದಳು, ಬಿಚ್ಚಿಹೋಗಿದ್ದ ದಾರವನ್ನು ಕಟ್ಟಿದಳು. ಅಷ್ಟು ಹೊತ್ತಿಗೆ ಪಕ್ಕದ ಬೀದಿಯವಳು ಮೂಲೆ ತಿರುಗಿಯಾಗಿತ್ತು. ಮೇಲಿನ ಕಿಟಕಿಯಿಂದ ಅತ್ತೆ ಕೂಗುತ್ತಿದ್ದಳು. ತಾಯಿ ಬೂಟನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು, ಖಾಲಿ ಬೀದಿಯ ನಡುವೆ ನಿಂತೇ ಇದ್ದಳು.